ಅವ್ವ ಗೆದ್ದ ದಿಬ್ಬ

ಸಿರಗನಹಾಳದಲ್ಲಿ ಬಸ್ಸಿಳಿದು ಹಳ್ಳದ ದಾರಿ ಹಿಡಿದರೆ ಕಣ್ಣು ಹಾಯುವಷ್ಟು ದೂರವೂ ಎರೆಹೊಲ. ಮಳೆ ಬಿದ್ದರೆ ಕಾಲಿಗೆ ಮೆತ್ತಿಕೊಂಡು ಬಿಡದ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಕಪ್ಪು ನೆಲ. ಆ ಕಪ್ಪಿನ ನಡುವೆ ಒಂದು ಕೆಂಪು ದಿಬ್ಬವಿದೆ. ಸುತ್ತ ಹರದಾರಿ ದೂರದಲ್ಲಿ ಎಲ್ಲಿಯೂ ಕೆಮ್ಮಣ್ಣಿಲ್ಲ, ಇಲ್ಲಿ ಮಾತ್ರ ಇದೆ. ಮುಟ್ಟಿ ನೋಡಿದರೆ ಜರಡಿ ಹಿಡಿದ ಹಿಟ್ಟಿನಂತೆ ನುಣುಪು. ದಿಬ್ಬ ಗುಂಡಗಿಲ್ಲ, ಉದ್ದಕ್ಕೆ ಚಾಚಿಕೊಂಡಿದೆ. ಅದರ ತಲೆಯ ಕಡೆ ಮೊಣಕಾಲೆತ್ತರದ ಒಂದು ಕಲ್ಲು ನೆಟ್ಟಿದ್ದಾರೆ. ಇದಕ್ಕೆ ಅವ್ವ ಗೆದ್ದ ದಿಬ್ಬವೆಂದು ಹೆಸರು. ಮೊನ್ನೆ ಮೊನ್ನೆ ಯಾರೋ ಬಂದು ದಾರಿಯ ಬದಿಗೆ ಹಸಿರು ಬೋರ್ಡು ನಿಲ್ಲಿಸಿ, ದೇವಿಯು ರಕ್ಕಸನನ್ನು ಗೆದ್ದ ಸ್ಥಳವೆಂದು ಬರೆಸಿ ಹೋದರು. ಗರಡಿಯ ಕಸ ಗುಡಿಸುತ್ತ ಮುದುಕನಾದ ನಾನು ಅಲ್ಲೇ ಕಟ್ಟೆಯ ಮೇಲೆ ಕೂತಿದ್ದೆ. ನನ್ನನ್ನು ಒಂದು ಮಾತು ಕೇಳಿದ್ದರೆ ಬಣ್ಣವಾದರೂ ಉಳಿಯುತ್ತಿತ್ತು. ಇಲ್ಲಿ ದೇವಿಯೂ ಇರಲಿಲ್ಲ, ರಕ್ಕಸನೂ ಇರಲಿಲ್ಲ. ಇದ್ದವರು ಒಬ್ಬ ತಾಯಿ, ಒಬ್ಬ ಮಗ, ಮತ್ತು ನಮ್ಮಂಥ ಮಂದಿ.

ಹಿಂದೆ, ಈ ಸೀಮೆ ದೇಸಾಯರ ಕೈಯಲ್ಲಿದ್ದ ಕಾಲದಲ್ಲಿ, ಸಿರಗನಹಾಳದ ಬೇಡರ ಓಣಿಯಲ್ಲಿ ಕೆಂಚವ್ವ ಎಂಬ ವಿಧವೆಯ ಮಗ ಹುಲಿಗೆಪ್ಪ ಎಂಬ ಜಟ್ಟಿಯಿದ್ದ. ಅವನಿಗೆ ಪಟ್ಟು ಕಲಿಸಿದವನು ಇದೇ ಗರಡಿಯ ವಸ್ತಾದಿ ಮೋದಿನಸಾಬ. ಕುಸ್ತಿಯ ಲೆಕ್ಕ ಎಲ್ಲರಿಗೂ ಗೊತ್ತಿದ್ದದ್ದೇ: ಯಾರ ಬೆನ್ನು ಮಣ್ಣಿಗೆ ತಾಗಿತೋ ಅವನು ಚಿತ್, ಅವನು ಸೋತ. ಹುಲಿಗೆಪ್ಪನ ಬೆನ್ನು ಯಾವ ಕಣದಲ್ಲಿಯೂ ಮಣ್ಣು ಕಾಣಲಿಲ್ಲ. ಹೊಳೆಯಾಚೆಯ ದೊಡ್ಡ ಹೆಸರಿನ ಜಟ್ಟಿ ಭರಮಪ್ಪ ಅವನ ಮೇಲೆ ಮತ್ತೆ ಮತ್ತೆ ಬಂದು ಪ್ರತಿಸಲವೂ ಬೆನ್ನಿಗೆ ಮಣ್ಣು ಹಚ್ಚಿಕೊಂಡು ಹೋದ. ಹುಲಿಗೆಪ್ಪನ ಕುಸ್ತಿಯಿದೆ ಎಂದರೆ ನೇಗಿಲು ಹೊಲದಲ್ಲೇ ನಿಲ್ಲುತ್ತಿದ್ದವು. ಕೂಸುಗಳಿಗೆ ಅವನ ಹೆಸರು, ಹೋರಿಗಳಿಗೆ ಅವನ ಹೆಸರು. ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸರು ಅವನ ಮೇಲೆ ಹಾಡು ಕಟ್ಟಿದರು. ಹುಲಿಗೆಪ್ಪನ ಬೆನ್ನು ಮಣ್ಣು ಕಂಡಿಲ್ಲ ಎಂದು ಆ ಹಾಡಿನಲ್ಲಿತ್ತು. ಹಾಡುತ್ತ ಹಾಡುತ್ತ ಮಂದಿ ಕಣದ ಮಾತನ್ನು ಮನೆಯವರೆಗೂ ತಂದರು. ಅವನು ನಿದ್ದೆಯಲ್ಲಿಯೂ ಬೆನ್ನು ನೆಲಕ್ಕೆ ಹಚ್ಚುವುದಿಲ್ಲವಂತೆ ಎಂದು ಯಾರೋ ಅಂದರು. ನಿಜವೇ ಎಂದು ನೋಡಲು ಕೆಲವರು ಹಿತ್ತಲ ಗೋಡೆ ಹತ್ತಿದರು.

ಕೆಟ್ಟದ್ದು ಶುರುವಾದದ್ದು ಅಲ್ಲಿಂದಲೇ ಎಂದು ನನಗನ್ನಿಸುತ್ತದೆ. ಗೋಡೆಯ ಮೇಲೆ ತಲೆಗಳು ಕಾಣತೊಡಗಿದ ಮೇಲೆ ಹುಲಿಗೆಪ್ಪ ಮಲಗುವುದನ್ನೇ ಬಿಟ್ಟ. ನಡುಮನೆಯ ಕಂಬಕ್ಕೆ ಒರಗಿ, ಕಾಲು ಮಡಚಿ, ಕೂತಲ್ಲೇ ಕಣ್ಣು ಮುಚ್ಚುತ್ತಿದ್ದ. ಪಕ್ಕಕ್ಕೆ ವಾಲಿದರೆ ಬೆಚ್ಚಿ ಎದ್ದು ನೆಟ್ಟಗಾಗುತ್ತಿದ್ದ. ಕೆಂಚವ್ವ ದಿನವೂ ಕೌದಿ ಹಾಸಿ ಕಾಯುತ್ತಿದ್ದಳಂತೆ.

"ಮಗನ, ಕಾಲು ಚಾಚಿ ಮಲಗೊ," ಎಂದರೆ, "ಮಂದಿ ನೋಡ್ತಾರಬೇ. ಇದೊಂದು ಕುಸ್ತಿ ಆಗ್ಲಿ, ಮಲಗ್ತೀನಿ," ಎನ್ನುತ್ತಿದ್ದ. ಆ ಒಂದು ಕುಸ್ತಿ ಮುಗಿದರೆ ಇನ್ನೊಂದು ಇರುತ್ತಿತ್ತು. ಕೌದಿಯನ್ನು ಅವಳು ಬೆಳಿಗ್ಗೆ ಮಡಚಿ ಇಡುತ್ತಿದ್ದಳು.

ಒಂದು ಸುಗ್ಗಿಯ ದಿನ, ಇಳಿಬಿಸಿಲಿನ ಹೊತ್ತು, ಹುಲಿಗೆಪ್ಪ ಗರಡಿಯ ಮಣ್ಣು ಅಗೆದು ಹದ ಮಾಡುತ್ತಿದ್ದ. ಅರ್ಧಕ್ಕೆ ಸಲಿಕೆ ನಿಲ್ಲಿಸಿ, ಗೋಡೆಗೆ ಒರಗಿ ಕೂತು, ನೀರು ಬೇಡಿದ. ಮೋದಿನಸಾಬ ತಂಬಿಗೆ ತುಂಬಿ ತರುವಷ್ಟರಲ್ಲಿ ಉಸಿರು ಹೋಗಿತ್ತು. ಕಣ್ಣು ತೆರೆದೇ ಇದ್ದವು, ಬೆನ್ನು ನೆಟ್ಟಗಿತ್ತು. ಮೈಯಲ್ಲಿ ಒಂದು ಗೀರೂ ಇರಲಿಲ್ಲ. ಹಿಂದಿನ ವಾರ ಅವನು ಗೆದ್ದದ್ದನ್ನು ಕಂಡವರು ಆ ಮಾತು ನಂಬಲಿಲ್ಲ. ಸುದ್ದಿ ತಂದವನನ್ನು ಒಂದು ಊರಿನಲ್ಲಿ ಹೊಡೆದೇ ಬಿಟ್ಟರಂತೆ. ಆಮೇಲೆ ನಂಬಿದರು. ಒಲೆ ಹೊತ್ತಲಿಲ್ಲ, ಕಣದ ಜೋಳ ಕಣದಲ್ಲೇ ಉಳಿಯಿತು. ಪ್ರತಿ ಊರಿನ ಗರಡಿಯವರೂ ತಮ್ಮ ತಮ್ಮ ಗರಡಿಯ ಮಣ್ಣನ್ನು ಹಿಡಿಹಿಡಿಯಾಗಿ ಉಡಿಯಲ್ಲಿ ಕಟ್ಟಿಕೊಂಡು ಹೊರಟರು. ಜಟ್ಟಿ ಸತ್ತರೆ ಗರಡಿಮಣ್ಣು ಹಾಕಬೇಕು, ಅದು ಅವತ್ತೂ ರೂಢಿ, ಇವತ್ತೂ ರೂಢಿ. ಗರಡಿಯ ಮಣ್ಣೆಂದರೆ ದೂರದಿಂದ ತಂದ ಕೆಮ್ಮಣ್ಣು. ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆರಸ ಕಲಸಿ ವರ್ಷಗಟ್ಟಲೆ ಹದ ಮಾಡಿದ್ದು. ಬಂದ ಮಂದಿಯಿಂದ ಈ ಎರೆಹೊಲ ಕಾಣಲಿಲ್ಲವೆನ್ನುತ್ತಾರೆ. ಆದರೆ ಅಷ್ಟು ಮಂದಿಯಲ್ಲಿ ಒಬ್ಬರೂ ಅಳಲಿಲ್ಲ. ಅವನು ಕೂತೇ ಇದ್ದನಲ್ಲ. ಬಿದ್ದಿರಲಿಲ್ಲ. ಬೀಳದವನಿಗಾಗಿ ಹೇಗೆ ಅಳುವುದೆಂದು ಅವರಿಗೆ ತಿಳಿಯಲಿಲ್ಲ.

ಬೇಡರಲ್ಲಿ ಮಲಗಿಸಿ ಮಣ್ಣು ಮಾಡುವುದು ಪದ್ಧತಿ. ಕುಣಿ ಉದ್ದಕ್ಕೆ ತೋಡಿಯೂ ಆಗಿತ್ತು. ಆಗ ಹೊಳೆಯಾಚೆಯಿಂದ ಬಂದ ಭರಮಪ್ಪ ಕುಣಿಯ ಅಂಚಿಗೆ ನಿಂತು ಕೆಂಚವ್ವನಿಗೆ ಕೈಮುಗಿದ.

"ಯವ್ವಾ, ನಿನ್ನ ಮಗ ನಮ್ಮೆಲ್ಲಾರನ್ನೂ ಕೆಡವಿದಾಂವ. ಅವನ್ನ ಬೆನ್ನು ಮ್ಯಾಲೆ ಮಲಗಿಸೂ ಕೈ ಇಲ್ಲಿ ಯಾರಿಗೂ ಇಲ್ಲ. ಅವನ ಬೆನ್ನಿಗೆ ಮಣ್ಣು ಹತ್ತಿತಂದ್ರ, ನಾವು ಸೋತಿದ್ದಕ್ಕೂ ಬೆಲಿ ಇರೂದಿಲ್ಲ."

"ಅಂವ ಸತ್ತಾನೋ ಎಪ್ಪಾ," ಎಂದಳು ಕೆಂಚವ್ವ. "ಸತ್ತಾಂವಗ ಎಂಥಾ ಸೋಲು? ಅಂವ ಮಲಗಿ ಭಾಳ ದಿನಾ ಆತು. ಮಲಗಿಸ್ರಿ."

ಅವಳ ಮಾತು ಮಂದಿಯ ಗದ್ದಲದಲ್ಲಿ ಹೋಯಿತು. ನೆರೆದವರೆಲ್ಲ ಭರಮಪ್ಪನ ಮಾತನ್ನೇ ಹಿಡಿದರು. ದೇಸಾಯರೂ ತಲೆದೂಗಿದರು. ಮೋದಿನಸಾಬ ತಲೆ ತಗ್ಗಿಸಿ ನಿಂತಿದ್ದ. ಕುಣಿಯನ್ನು ಮುಚ್ಚಿ ನೆಲದ ಮೇಲೆಯೇ ಹುಲಿಗೆಪ್ಪನನ್ನು ಪದ್ಮಾಸನದಲ್ಲಿ ಕೂಡಿಸಿದರು. ಮಣ್ಣು ಬೆನ್ನಿಗೆ ತಾಗಬಾರದೆಂದು ಗರಡಿಯ ತೇಗದ ಬಾಗಿಲನ್ನು ಕಿತ್ತು ತಂದು ಹಿಂದೆ ನಿಲ್ಲಿಸಿದರು. ಸುತ್ತ ಊರೂರಿನ ಕೆಮ್ಮಣ್ಣು ಬಿತ್ತು. ಸಂಜೆಯೊಳಗೆ ಎತ್ತರಕ್ಕೆ, ಗುಂಡಗೆ, ತುದಿ ಚೂಪಾದ ಒಂದು ಗುಡ್ಡೆ ಎದ್ದಿತು. ಗೆದ್ದು ಬಂದವರಂತೆ ಮಂದಿ ಊರಿಗೆ ಮರಳಿದರು. ಕೆಂಚವ್ವ ಮನೆಗೆ ಹೋಗಿ ಕೌದಿ ಹಾಸಿ ಕೂತಳು. ಏಕೆ ಹಾಸಿದಳೆಂದು ಓಣಿಯ ಹೆಂಗಸರು ಕೇಳಲಿಲ್ಲ.

ಅಂದಿನಿಂದ ಸಿರಗನಹಾಳಕ್ಕೆ ನಿದ್ದೆ ಇಲ್ಲವಾಯಿತು ಎನ್ನುತ್ತಾರೆ. ಯಾರು ಅಂಗಾತ ಮಲಗಿದರೂ ಎಚ್ಚರಾದಾಗ ಗೋಡೆಗೆ ಒರಗಿ ಕೂತಿರುತ್ತಿದ್ದರು. ಯಾರು ಎಬ್ಬಿಸಿ ಕೂಡಿಸಿದರೆಂದು ತಿಳಿಯುತ್ತಿರಲಿಲ್ಲ. ಬಾಣಂತಿಯರು, ಮುದುಕರು, ದೇಸಾಯರು, ಎಲ್ಲರೂ ಹಾಗೆಯೇ. ದೀಪ ಹಚ್ಚುವ ಹೊತ್ತಿಗೆ ಎರೆಹೊಲದ ಕಡೆಯಿಂದ ತೊಡೆ ತಟ್ಟಿದ ಸಪ್ಪಳ ಬರುತ್ತಿತ್ತು. ಕರೆಯುವವನು ಕರೆಯುತ್ತಲೇ ಇದ್ದ, ಎದುರು ತಟ್ಟುವವರು ಇರಲಿಲ್ಲ. ಬಾಗಿಲಿಲ್ಲದ ಗರಡಿಯಲ್ಲಿ, ಅವನು ಅರ್ಧಕ್ಕೆ ಬಿಟ್ಟ ಮಣ್ಣು ಬೆಳಗಾದರೆ ಅಗೆದು ಹದವಾಗಿರುತ್ತಿತ್ತು. ಹುಡುಗರು ಕುಸ್ತಿ ಹಿಡಿದರೆ ಇಬ್ಬರ ಕತ್ತಿನ ಮೇಲೂ ಮೂರನೆಯ ಕೈ ಬಂದು ಕೂರುತ್ತಿತ್ತು. ಮೊದಮೊದಲು ಮಂದಿಗೆ ಇದೂ ಹೆಮ್ಮೆಯೇ. ಸತ್ತ ಮೇಲೂ ನಮ್ಮ ಹುಲಿಗೆಪ್ಪ ಜಟ್ಟಿಗಳನ್ನು ಕರೆಯುತ್ತಿದ್ದಾನೆ ನೋಡಿ ಎಂದರು. ನಿದ್ದೆಗೆಟ್ಟ ಕಣ್ಣು ಕೆಂಪಾಗಿ, ಕೈಗೂಸುಗಳು ಹಾಲು ಬಿಟ್ಟಾಗ ಹೆಮ್ಮೆ ಇಳಿಯಿತು. ಊರು ಬಿಡುವ ಮಾತು ಶುರುವಾಯಿತು.

ಇದನ್ನು ಕೇಳಿದ ಭರಮಪ್ಪ ಹೊಳೆ ದಾಟಿ ಬಂದ. ಅವನಿಗೆ ಕುಸ್ತಿ ಬೇಕಾಗಿದೆ, ನಾನು ಕೊಡುತ್ತೇನೆ ಎಂದು ಲಂಗೋಟ ಬಿಗಿದು, ಹೊತ್ತು ಮುಳುಗುವಾಗ ಒಬ್ಬನೇ ಗುಡ್ಡೆಯ ಬಳಿ ಹೋಗಿ ತೊಡೆ ತಟ್ಟಿದ. ಊರ ಅಗಸೆಬಾಗಿಲಲ್ಲಿ ನಿಂತವರಿಗೆ ಎದುರಿನ ತೊಡೆ ತಟ್ಟಿದ್ದೂ ಕೇಳಿಸಿತಂತೆ. ಆಮೇಲೆ ಸಪ್ಪಳವಿರಲಿಲ್ಲ. ಭರಮಪ್ಪ ತಿರುಗಿ ಬಂದಾಗ ಅವನ ಒಂದು ಹೆಗಲು ಕೆಳಗೆ ಜೋತಿತ್ತು. ನೇರ ಕೆಂಚವ್ವನ ಮನೆಗೆ ಹೋಗಿ ಹೊಸ್ತಿಲಲ್ಲಿ ಕೂತ.

"ಅಂವ ಪಟ್ಟು ಹಾಕಲಿಲ್ಲಬೇ," ಎಂದ. "ಬಂದಾಂವ ನನ್ನ ಹೆಗಲ ಮ್ಯಾಲೆ ತಲಿ ಇಟ್ಟ. ಇಟ್ಟಾಂವ ತಗೀಲೇ ಇಲ್ಲ. ಅಷ್ಟು ಭಾರ ನಾ ಎಂದೂ ಹೊತ್ತಿಲ್ಲ."

ಕೆಂಚವ್ವ ಹಾಸಿದ ಕೌದಿಯ ಕಡೆ ನೋಡಿದಳು. "ದಣದಾನ," ಎಂದಳು. "ಅಂವಗ ಕುಸ್ತಿ ಬ್ಯಾಡ. ನಾಳೆ ಮಂದೀನ ಕರಿ."

ಮರುದಿನ ಮಂದಿ ನೆರೆದರು. ಅವನ ಸಾವಿಗೆ ಬಂದಷ್ಟೇ ಮಂದಿ ಬಂದಿದ್ದರಂತೆ. ಕೆಂಚವ್ವ ಕೌದಿಯನ್ನು ಬಗಲಲ್ಲಿ ಹಿಡಿದು ಬಂದು, ಗುಡ್ಡೆಯ ಮುಂದೆ ಎರೆನೆಲದ ಮೇಲೆ ಕೂತು, ಸೀರೆ ಮೊಣಕಾಲಿಗೆ ಸರಿಸಿ, ಎರಡೂ ಕಾಲು ಚಾಚಿದಳು. ಕೂಸಿಗೆ ನೀರು ಎರೆಯಲು ಕೂರುವ ಹೆಂಗಸು ಕೂರುವುದು ಹೀಗೆಯೇ. ಮಂದಿಗೆ ಏನೂ ತಿಳಿಯಲಿಲ್ಲ. ಅವಳು ಹೆಚ್ಚು ದನಿ ಎತ್ತದೆ ಮಾತಾಡಿದಳು.

"ನನ್ನ ಮಗನ ಬೆನ್ನು ಮಣ್ಣು ಕಂಡಿಲ್ಲಂತ ಹಾಡ್ತೀರಲ್ಲ, ಹಾಡು ಕಟ್ಟೂ ಮುಂದ ನನ್ನ ಕೇಳಿದ್ರೇನು? ಈ ಕಾಲ ಮ್ಯಾಲೆ ಹಾಕ್ಕೊಂಡು ದಿನಾ ಎಣ್ಣಿ ತಿಕ್ಕಿ ಎರದೀನಿ. ಒದೀತಿದ್ದ, ಕೊಸರತಿದ್ದ, ಹೊಳ್ಳತಿದ್ದ. ಹಿಡದು ಬೆನ್ನು ಮ್ಯಾಲೆ ಕೆಡವತಿದ್ದೆ. ಅಂಗಳದ ಮಣ್ಣಾಗ ಅಂಗಾತ ಮಲಗಿಸಿ ಬಿಸಲಿಗೆ ಕಾಸತಿದ್ದೆ. ನಿಮ್ಮ ಹುಲಿಗೆಪ್ಪ ನಿಮ್ಮನ್ನ ಕೆಡವೂಕಿಂತ ಮೊದಲ ನನ್ನ ಕೈಯಾಗ ದಿನಾ ಸೋತಾನ. ವಸ್ತಾದಿ, ನೀ ಪಂಚ. ಎಲ್ಲಾರ ಮುಂದ ಹೇಳು, ಇದು ಗೆಲುವು ಹೌದೋ ಅಲ್ಲೋ?"

ಕುಸ್ತಿಯ ಕಣದಲ್ಲಿ ಪಂಚನ ಮಾತೇ ಕಡೆಯ ಮಾತು. ದೇಸಾಯರೂ ಅದನ್ನು ಮೀರುವಂತಿಲ್ಲ. ಮೋದಿನಸಾಬ ತನ್ನ ತಲೆಯ ಕೆಂಪು ರುಮಾಲು ಬಿಚ್ಚಿದ. ಗೆದ್ದವರಿಗೆ ರುಮಾಲು ಸುತ್ತುವುದು ಪಂಚನ ಕೆಲಸ. ಆ ಗರಡಿಯಲ್ಲಿ ಅವನು ಅದುವರೆಗೆ ಹುಲಿಗೆಪ್ಪನಿಗಲ್ಲದೆ ಬೇರೆಯವರಿಗೆ ಅದನ್ನು ಸುತ್ತಿರಲಿಲ್ಲ. ಬಗ್ಗಿ, ಮುದುಕಿಯ ತಲೆಗೆ ಸುತ್ತಿ, ಅವಳ ಬಲಗೈ ಹಿಡಿದು ಮೇಲೆತ್ತಿದ.

"ಗೆದ್ದಾಕಿ ಕೆಂಚವ್ವ," ಎಂದ. ಆಮೇಲೆ ಗುಡ್ಡೆಯ ಕಡೆ ತಿರುಗಿದ. ಮುಂದಿನ ಮಾತನ್ನೂ ಹೇಳಿದ. "ಹುಲಿಗೆಪ್ಪ ಚಿತ್."

ಆಗ ಮಂದಿ ಅತ್ತರು. ಅಷ್ಟು ದಿನ ತಡೆದದ್ದೆಲ್ಲ ಒಂದೇ ಸಲ ಬಂತು. ಗಂಡಸರು ಎದೆ ಬಡಿದುಕೊಂಡು, ನೆಲಕ್ಕೆ ಬಿದ್ದು, ಕೂಸುಗಳಂತೆ ಅತ್ತರು. ಅಳುತ್ತಲೇ ಭರಮಪ್ಪ ಮೊದಲ ಹಿಡಿ ಮಣ್ಣು ತೆಗೆದ, ಉಳಿದವರು ಸೇರಿದರು, ಸಲಿಕೆ ಮುಟ್ಟದೆ ಕೈಯಿಂದಲೇ. ಒಳಗೆ ಹುಲಿಗೆಪ್ಪ ಹೇಗಿದ್ದನೆಂದು ನನ್ನ ಅಜ್ಜ ನನಗೆ ಹೇಳಲಿಲ್ಲ, ಅಜ್ಜನಿಗೆ ಅವನಜ್ಜ ಹೇಳಿರಲಿಲ್ಲ, ನಾನು ಕೇಳಲೂ ಇಲ್ಲ. ಬಾಗಿಲನ್ನು ಬದಿಗೆ ಸರಿಸಿದರು. ಕುಣಿ ತೋಡಿ, ಕೌದಿ ಹಾಸಿ, ತಾಯಿ ಕುತ್ತಿಗೆಯ ಕೆಳಗೆ ಕೈಯಿಟ್ಟು, ಭರಮಪ್ಪ ಕಾಲು ಹಿಡಿದು, ಅವನನ್ನು ಅಂಗಾತ ಮಲಗಿಸಿದರು. ಕೆಂಚವ್ವ ಅವನ ಎದೆಯ ಮೇಲೆ ಅಂಗೈ ಇಟ್ಟು, "ಸಾಕು, ಮಲಗು ಮಗನ, ಯಾರೂ ನೋಡಂಗಿಲ್ಲ," ಎಂದಳು. ಆ ಮಾತು ಕೇಳಿ ಮಂದಿಯೆಲ್ಲ ಬೆನ್ನು ತಿರುಗಿಸಿ ನಿಂತರು. ಮಣ್ಣು ಎಳೆದವಳು ಅವಳೊಬ್ಬಳೇ. ಆ ರಾತ್ರಿ ಸಿರಗನಹಾಳದಲ್ಲಿ ದೀಪವಿಟ್ಟ ಹೊತ್ತಿಗೇ ಊರೆಲ್ಲ ಮಲಗಿತು, ಬಿಸಿಲೇರುವ ತನಕ ಯಾರೂ ಏಳಲಿಲ್ಲ ಎನ್ನುತ್ತಾರೆ.

ಆ ಕೆಮ್ಮಣ್ಣೇ ಇಂದಿನ ಉದ್ದನೆಯ ದಿಬ್ಬ. ತಲೆಯ ಕಡೆಯ ಕಲ್ಲನ್ನು ಬಗ್ಗಿ ನೋಡಿದರೆ ರುಮಾಲು ಸುತ್ತಿದ, ಕಾಲು ಚಾಚಿ ಕೂತ ಹೆಂಗಸಿನ ರೂಪ ತಿಳಿಯುತ್ತದೆ. ಮುಖ ಸವೆದು ಹೋಗಿದೆ, ಕಾಲು ಸವೆದಿಲ್ಲ. ಊರೊಳಗಿನ ಗರಡಿಗೆ ಇಂದಿಗೂ ಬಾಗಿಲಿಲ್ಲ. ಈ ಸೀಮೆಯಲ್ಲಿ ದೊಡ್ಡ ಕುಸ್ತಿ ಗೆದ್ದ ಜಟ್ಟಿ, ಬಹುಮಾನದ ಬೆಳ್ಳಿಕಡಗ ತೊಡುವ ಮೊದಲು, ತಾಯಿಯನ್ನು ಕರೆದುಕೊಂಡು ಇಲ್ಲಿಗೆ ಬರುತ್ತಾನೆ. ತಾಯಿಯಿಲ್ಲದವನು ಯಾವುದಾದರೂ ಮುದುಕಿಯನ್ನು ಕರೆತರುತ್ತಾನೆ. ಅವನು ದಿಬ್ಬದ ಮೇಲೆ ಅಂಗಾತ ಮಲಗುತ್ತಾನೆ. ಅವಳು ಎದೆಯ ಮೇಲೆ ಕೈಯಿಟ್ಟು ಕೆಂಚವ್ವನ ಮಾತು ಹೇಳುತ್ತಾಳೆ. ಡೊಳ್ಳು ಹಲಗೆ ಬಡಿಯುತ್ತ, ಮೊಬೈಲು ಎತ್ತಿ ಹಿಡಿದು ಬಂದ ಮಂದಿಯೆಲ್ಲ ಆಗ ತೆಪ್ಪಗಾಗಿ ಬೆನ್ನು ತಿರುಗಿಸಿ ಕಪ್ಪು ಹೊಲದ ಕಡೆ ನೋಡುತ್ತ ನಿಲ್ಲುತ್ತಾರೆ. ದಿಬ್ಬದ ಮೇಲೆ ಮಲಗಿದವನು ಒಬ್ಬನೇ. ಆದರೆ ಹಿಂದಿನಿಂದ ಇಬ್ಬರು ಗಂಡಸರು ನಿಟ್ಟುಸಿರು ಬಿಟ್ಟದ್ದು ಕೇಳಿಸುತ್ತದೆ. ನಾನು ಅದನ್ನು ಪ್ರತಿಸಲವೂ ಕೇಳಿದ್ದೇನೆ. ತಿರುಗಿ ಮಾತ್ರ ನೋಡಿಲ್ಲ. ನಾವು ಅವನನ್ನು ನೋಡಿದ್ದು ಸಾಕು.