ಮುಂದಿನ ಮೈ, ಹಿಂದಿನ ಮೈ

ನೀವು ನಂಬುವುದಿಲ್ಲ, ಗೊತ್ತು. ಬೇಕಾದರೆ ಬಾಜಿ ಕಟ್ಟಿ: ಗರ್ಭಕೋಶವೂ ಬೆನ್ನು ತಿರುಗಿಸಿ ಕೂರುತ್ತದೆ. ನಾನೇ ಕಂಡಿದ್ದೇನೆ. ಈ ಕೈಯಿಂದಲೇ ಸರಿ ಮಾಡಿದ್ದೇನೆ.

ನದಿದಂಡೆಯ ಆಸ್ಪತ್ರೆಯಲ್ಲಿ ನೀಲಾಂಬಿಕೆ ಮೇಡಂ ನನ್ನ ಗುರು. ಅವರ ಶಿಷ್ಯರಲ್ಲಿ ನನ್ನಷ್ಟು ಚುರುಕು ಕೈ ಇನ್ನೊಬ್ಬರಿಗಿರಲಿಲ್ಲ. ಜೊತೆಗೆ ಕಲಿಯುತ್ತಿದ್ದ ಪಟ್ಟಣದ ಹುಡುಗರು ಕೈಗವಸು ಸರಿಮಾಡಿಕೊಳ್ಳುವಷ್ಟರಲ್ಲಿ ನಾನು ಕೂಸನ್ನು ಹೊರಗೆ ತೆಗೆದಿರುತ್ತಿದ್ದೆ.

ಒಂದು ದಿನ ಎಂಟು ತಿಂಗಳ ಬಸುರಿ ಸಾವಂತ್ರವ್ವ ಬಂದಳು. ಬಿಡುವಿಲ್ಲದ ಹೊಟ್ಟೆನೋವು. ಕೂಸಿನ ಎದೆಬಡಿತ ಇಳಿಯುತ್ತಿತ್ತು.

"ಭರಮಪ್ಪಾ, ಆಪರೇಷನ್ ನೀನೇ ಮಾಡು. ನಾ ಎದುರಿಗೆ ನಿಂತಿರತೀನಿ," ಅಂದರು ಮೇಡಂ.

ಅರಿವಳಿಕೆ ಹತ್ತಿದ್ದೇ ಹೊಟ್ಟೆ ತೆರೆದೆ. ಗರ್ಭಕೋಶ ನೇರಳೆಹಣ್ಣಿನ ಬಣ್ಣಕ್ಕಿತ್ತು. ಮೇಲೆಲ್ಲ ಬೆರಳುದಪ್ಪದ ರಕ್ತನಾಳಗಳು. ಕೊಯ್ಯಲು ಚಾಕು ಎತ್ತಿದೆ.

ಮೇಡಂ ನನ್ನ ಮಣಿಕಟ್ಟು ಹಿಡಿದರು.

"ಇದು ಮುಂದಿನ ಮೈಯೋ, ಹಿಂದಿನದೋ?"

"ಕೂಸು ಸಾಯಾಕತ್ತೈತ್ರಿ ಮೇಡಂ! ಕೈ ಬಿಡ್ರಿ!"

"ಹಂಗಾದ್ರ ಲಗೂನ ಹೇಳು."

ಚಾಕು ಮೇಡಂ ಕೈಗೆ ಕೊಟ್ಟು, ಗರ್ಭಕೋಶದ ಪಕ್ಕದಲ್ಲಿ ಕೈ ಇಳಿಸಿದೆ. ಹಿಂದೆ ಇರಬೇಕಾದ ಅಂಡಾಶಯ ಮುಂದೆಯೇ ಸಿಕ್ಕಿತು. ಇನ್ನೂ ಕೆಳಗೆ, ಹಿಂಡಿದ ಒದ್ದೆ ಬಟ್ಟೆಯ ಹಾಗೆ ತಿರುಚಿಕೊಂಡ ಗರ್ಭದ ಕೊರಳು.

ನಾನು ಕೊಯ್ಯಲು ಹೊರಟಿದ್ದು ಗರ್ಭಕೋಶದ ಬೆನ್ನನ್ನು. ಆ ಊದಿದ ನಾಳಗಳು ಹರಿದಿದ್ದರೆ ತಾಯಿಯೂ ಉಳಿಯುತ್ತಿರಲಿಲ್ಲ.

ಬೆವರಿದೆ. ಆದರೂ ಬಾಯಿ ಸುಮ್ಮನಿರಬೇಕಲ್ಲ!

"ಸುತ್ತಿಕೊಂಡೈತ್ರಿ. ನಮ್ಮ ಎಮ್ಮಿಗೆ ಹಿಂಗಾದ್ರ ನಮ್ಮಪ್ಪ ನೆಲದ ಮ್ಯಾಲ ಉರುಳಿಸಿ ಬಿಡಸ್ತಾನ. ಇದೇನ್ ಮಹಾ!"

"ಯಾವ ಕಡೆ ಉರುಳಸಬೇಕಂತ ಅವರಿಗೆ ಹೆಂಗ ಗೊತ್ತಾಗತೈತಿ?"

"ಮೊದಲ ಒಳಗ ಕೈ ಹಾಕಿ ನೋಡ್ತಾನ್ರಿ."

"ಇದು ಯಾವ ಕಡೆ ಸುತ್ತೈತಿ?"

ಮತ್ತೆ ಕೈ ಇಳಿಸಿದೆ. ಸುತ್ತಿನ ಜಾಡು ಹಿಡಿದು ಬೆರಳು ಹೋಯಿತು.

"ಎಡದಿಂದ ಬಲಕ್ಕರಿ."

"ಹೂಂ. ತಿರುಗಿಸು."

ಎರಡೂ ಅಂಗೈಯಲ್ಲಿ ಗರ್ಭವನ್ನು ಹಿಡಿದು, ಬಲದಿಂದ ಎಡಕ್ಕೆ ಮೆಲ್ಲಗೆ ತಿರುಗಿಸಿದೆ. ಅಷ್ಟು ನಿಧಾನ ನಾನು ಹುಟ್ಟಿದಾಗಿನಿಂದ ಯಾವ ಕೆಲಸವನ್ನೂ ಮಾಡಿರಲಿಲ್ಲ. ನೇರಳೆ ಬಣ್ಣ ತಿಳಿಯಾಗುತ್ತ ಬಂತು. ಆಮೇಲೆ ಮುಂದಿನ ಮೈ ಕೊಯ್ದೆ.

ಹೆಣ್ಣು ಕೂಸು. ಚೀರಿತು.

ಸಾವಂತ್ರವ್ವನಿಗೆ ಎಚ್ಚರವಾಗಿ ಕೂಸನ್ನು ಎದೆಗೆ ಕೊಟ್ಟ ಮೇಲೆ, ಮೇಡಂ ಹಿಂದೆಯೇ ಹೋದೆ.

"ನಿಮಗ ಮೊದಲ ಗೊತ್ತಿತ್ತು. ನನ್ನ ಜಂಬ ಇಳಸಾಕ ಅಂತನ ಕೇಳಿದ್ರಿ. ಹೌದಲ್ಲರಿ?"

ಶಾಬಾಸ್‌ಗಿರಿಗೆ ಕಾದು ನಿಂತವನಿಗೆ ಕೊನೆಗೆ ಸಿಕ್ಕಿದ್ದು ಈ ಉತ್ತರ:

"ನನಗೂ ಗೊತ್ತಿರಲಿಲ್ಲೋ ತಮ್ಮಾ. ಅದಕ್ಕ ಕೇಳಿದೆ."