ಮೂರು ಸಲ ತೆರೆ ಮುಟ್ಟಿದ ಜಂಬರಾಯ

ಹತ್ತಿರ ಬನ್ನಿ, ಕಾಲು ಮಡಚಿ ಕೂತುಕೊಳ್ಳಿ. ಮೂಲೆಯಲ್ಲಿ ಕಡಲೆಕಾಯಿ ಬಿಡಿಸುತ್ತಿರುವವರೇ, ಸಿಪ್ಪೆಯನ್ನು ಮಡಿಲಲ್ಲೇ ಇಟ್ಟುಕೊಳ್ಳಿ. ಕಥೆ ಮುಗಿದ ಮೇಲೆ ನೀವೆಲ್ಲ ಓಡಿಹೋಗುತ್ತೀರಿ, ಗುಡಿಸುವವಳು ನಾನು.

ಗೆಜ್ಜೆಗೇರಿ ಅಂತ ಒಂದು ರಾಜ್ಯ. ಆ ರಾಜ್ಯಕ್ಕೊಬ್ಬ ರಾಜ, ಹೆಸರು ಜಂಬರಾಯ. ಹೆಸರಿಟ್ಟ ಪುರೋಹಿತರಿಗೆ ಮುಂದಾಗುವುದೆಲ್ಲ ಮೊದಲೇ ಗೊತ್ತಿತ್ತೋ ಏನೋ.

ಗೆಜ್ಜೆಗೇರಿಯ ಜನ ಸುಗ್ಗಿ ಮುಗಿದ ಮೇಲೆ ವರ್ಷಕ್ಕೊಂದು ನಾಟಕ ಆಡುತ್ತಿದ್ದರು. ಊರಿನವರೇ ಆಡುವುದು, ಊರಿನವರೇ ನೋಡುವುದು. ಬಡಗಿ ರಾಜನಾಗುತ್ತಿದ್ದ, ಗಾಣದವನು ಋಷಿಯಾಗುತ್ತಿದ್ದ. ತೆರೆಯ ಹಿಂದೆ ಮೂವರು ಇರುತ್ತಿದ್ದರು. ಸಿದ್ದವ್ವ ಉಡುಪು ಹೊಲಿದು ಉಡಿಸುತ್ತಿದ್ದಳು. ಕುಂಬಾರ ಬೋರಣ್ಣ ತೆರೆ ಎಳೆಯುತ್ತಿದ್ದ. ಹೂ ಮಾರುವ ಮರಿಸ್ವಾಮಯ್ಯ ಪುಸ್ತಕ ಹಿಡಿದು ಮರೆಯಲ್ಲಿ ನಿಂತು, ಯಾರಾದರೂ ಮಾತು ಮರೆತರೆ ಪಿಸುಗುಟ್ಟಿ ಎತ್ತಿಕೊಡುತ್ತಿದ್ದ. ಮೂವರಿಗೂ ಸಂಬಳವಿಲ್ಲ, ಸನ್ಮಾನವಿಲ್ಲ. ಅವರ ಮುಖವನ್ನು ಯಾರೂ ನೋಡುತ್ತಿರಲಿಲ್ಲ.

ಆದರೆ ಆ ಊರಲ್ಲಿ ಒಂದು ರೂಢಿ ಇತ್ತು. ನಾಟಕಕ್ಕೆ ಮೊದಲು ತಮಟೆಯವನು ತೆರೆಯ ಮುಂದೆ ನಿಂತು, "ಉಡುಪು ಯಾರದು?" ಅಂತ ಕೇಳುತ್ತಿದ್ದ. ಸಿದ್ದವ್ವ ಬಂದು ತೆರೆಯ ಅಂಚು ಮುಟ್ಟಿ "ನಂದು" ಅನ್ನಬೇಕು. ತಮಟೆಯವನು ಅವಳ ಹೆಸರು ಕೂಗಬೇಕು, ಜನ ಚಪ್ಪಾಳೆ ತಟ್ಟಬೇಕು. ತೆರೆಯ ಕೆಲಸಕ್ಕೂ ಹೀಗೆಯೇ, ಮಾತು ಎತ್ತಿಕೊಡುವುದಕ್ಕೂ ಹೀಗೆಯೇ. ಒಮ್ಮೆ ತೆರೆ ಮುಟ್ಟಿ ಒಪ್ಪಿಕೊಂಡವರ ಕೆಲಸಕ್ಕೆ ಬೇರೆ ಯಾರೂ ಕೈ ಹಾಕುವಂತಿಲ್ಲ. ಅವರ ಕೈಲಿ ಆಗದೇ ಹೋದರೆ ಅವರೇ ಮತ್ತೆ ಮುಂದೆ ಬಂದು, ಇನ್ನೊಬ್ಬರ ಹೆಸರು ಕೂಗಿ ಕೆಲಸ ಒಪ್ಪಿಸಬೇಕು. ವರ್ಷವೆಲ್ಲ ದುಡಿದವರಿಗೆ ಸಿಗುತ್ತಿದ್ದದ್ದು ಅಷ್ಟೇ, ಒಂದು ಸಲದ ಹೆಸರು.

ಒಂದು ವರ್ಷ ಈ ಚಪ್ಪಾಳೆ ಜಂಬರಾಯನ ಕಿವಿಗೆ ಬಿತ್ತು. ಒಬ್ಬ ಕುಂಬಾರನಿಗೆ ಇಷ್ಟು ಚಪ್ಪಾಳೆಯೇ ಅಂತ ಅವನ ಹೊಟ್ಟೆ ಉರಿಯಿತು. ಮರುವರ್ಷ ಡಂಗುರ ಹೊಡೆಸಿದ. "ನಾಟಕದ ರಾಜನ ಪಾತ್ರ ಮಹಾರಾಜರದೇ!"

ಅಭ್ಯಾಸಕ್ಕೆ ಮೂರು ದಿನ ಬಂದ. ಒಂದನೇ ದಿನ ನಿದ್ದೆ ಮಾಡಿದ. ಎರಡನೇ ದಿನ ಒಬ್ಬಟ್ಟು ತಿಂದ. ಮೂರನೇ ದಿನ ನಟನೆ ಅಂದರೇನು ಅಂತ ಬಡಗಿಗೆ ಭಾಷಣ ಮಾಡಿದ. ಪ್ರತಿ ವರ್ಷ ರಾಜನಾಗುತ್ತಿದ್ದ ಬಡಗಿ ಕೈಕಟ್ಟಿಕೊಂಡು ಕೇಳಿದ.

ನಾಟಕದ ಹಿಂದಿನ ದಿನ ಮಂತ್ರಿ ಬಂದು ಹೇಳಿದ, "ನಾಳೆ ಮೂರು ಸಲವೂ ಪ್ರಭುಗಳೇ ತೆರೆ ಮುಟ್ಟುತ್ತಾರೆ. ನೀವು ಮೂವರೂ ಹಿಂದೆ ನಿಂತು ಸದ್ದಿಲ್ಲದೆ ಕೆಲಸ ಮಾಡಿಕೊಂಡು ಹೋಗಿ."

ಬೋರಣ್ಣ ತಲೆ ತಗ್ಗಿಸಿದ. ಮರಿಸ್ವಾಮಯ್ಯ ಪುಸ್ತಕ ಮುಚ್ಚಿದ. ಸಿದ್ದವ್ವ ಮಾತ್ರ ಅರಮನೆಗೆ ಓಡಿದಳು. ಅವಳಿಗೊಬ್ಬಳು ಮುದಿ ತಾಯಿ, ಕೆಂಪಜ್ಜಿ. ಎರಡೂ ಕಣ್ಣಿಲ್ಲ. ದೂರದ ಹಳ್ಳಿಯಿಂದ ಗಾಡಿಯಲ್ಲಿ ಬಂದಿದ್ದಳು. ನಾಟಕ ನೋಡಲು ಅಲ್ಲ, ಮಗಳ ಹೆಸರು ಕೂಗುವುದನ್ನು ಕೇಳಲು.

"ಬುದ್ಧೀ, ನಮ್ಮವ್ವಂಗೆ ವಯಸ್ಸಾಗೈತೆ, ಕಣ್ಣು ಕಾಣಕಿಲ್ಲ. ಬರೋ ವರ್ಷ ಇರ್ತಾಳೋ ಇಲ್ವೋ. ಒಂದೇ ಒಂದ್ಸಲ ನನ್ನ ಹೆಸರು ಕೂಗಿಸಿ," ಅಂತ ಸಿದ್ದವ್ವ ಕೈಮುಗಿದಳು.

"ಕಣ್ಣಿಲ್ಲದವಳಿಗೆ ಯಾರ ಹೆಸರು ಕೂಗಿದರೇನು? ನನ್ನ ಹೆಸರು ಕೂಗುತ್ತಾರೆ, ಅದನ್ನೇ ಕೇಳಲಿ. ಇನ್ನೂ ಒಳ್ಳೆಯದು," ಅಂದ ಜಂಬರಾಯ.

ಈ ಮಾತು ಹೇಳುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ. ಸಿದ್ದವ್ವನಿಗೆ ಬರಲಿಲ್ಲವೇ? ಬಂತು. ದಾರಿಯುದ್ದಕ್ಕೂ ಅತ್ತಳು. ಅತ್ತು ಮುಗಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಯೋಚನೆ ಮಾಡಿದಳು. ಆಮೇಲೆ ಇಬ್ಬರನ್ನೂ ಕರೆದು ಕೇಳಿದಳು:

"ಬೋರಣ್ಣ, ತೆರೆ ಮುಟ್ಟಿದೋರ ಕೆಲ್ಸಕ್ಕೆ ಇನ್ನೊಬ್ರು ಕೈ ಹಾಕಬೋದಾ?"

"ಎಲ್ಲಾದ್ರೂ ಉಂಟಾ? ಹಾಕಂಗಿಲ್ಲ."

"ಮತ್ತೆ ರಾಜ್ರೇ ಮೂರು ಸಲ ಮುಟ್ತಾರಂತಲ್ಲ. ನಾವ್ಯಾಕೆ ರೂಢಿ ಮುರಿಯೋಣ? ನಾಳೆ ನಮ್ಮವ್ವನ ಪಕ್ಕ ಕೂತು ನಾಟಕ ನೋಡೋಣ."

ಮರಿಸ್ವಾಮಯ್ಯನಿಗೆ ನಗು ತಡೆಯಲಾಗಲಿಲ್ಲ. "ಮೂವತ್ತು ವರ್ಷ ಆಯ್ತು ಕಣವ್ವ, ನಾನು ನಾಟಕಾನ ಮುಂದಿಂದ ನೋಡೇ ಇಲ್ಲ," ಅಂದ.

ಮರುದಿನ ಮಧ್ಯಾಹ್ನ ಬಯಲು ತುಂಬಿತು. ಮೊದಲ ಸಾಲಿನಲ್ಲಿ ಪಕ್ಕದ ರಾಜ್ಯದ ರಾಣಿ. ಹಿಂದಿನ ಸಾಲಿನಲ್ಲಿ ಕೆಂಪಜ್ಜಿ.

"ಉಡುಪು ಯಾರದು?" ಅಂದ ತಮಟೆಯವನು.

ಜಂಬರಾಯ ಬಂದು ತೆರೆ ಮುಟ್ಟಿದ. "ನನ್ನದು!" ಹೆಸರು ಕೂಗಿದರು. ಮಂತ್ರಿ ಜೋರಾಗಿ ಚಪ್ಪಾಳೆ ತಟ್ಟಿದ.

"ಈಗ ಕೂಗಿದ್ದು ನಮ್ಮ ಸಿದ್ದೀನಾ?" ಅಂತ ಕೆಂಪಜ್ಜಿ ಕೇಳಿದಳು. ಪಕ್ಕದವಳು, "ಇಲ್ಲವ್ವ," ಅಂದಳು.

"ತೆರೆ ಎಳೆಯೋರು ಯಾರು?"

"ನಾನು!" ಅಂದ ಜಂಬರಾಯ.

"ಈಗ ನಮ್ಮ ಸಿದ್ದೀನಾ?"

"ಇಲ್ಲವ್ವ."

"ಮಾತು ಎತ್ತಿಕೊಡೋರು ಯಾರು?"

"ಅದೂ ನಾನೇ!"

ಕೆಂಪಜ್ಜಿ ಮತ್ತೆ ಬಾಯಿ ತೆರೆದಳು. ಅಷ್ಟರಲ್ಲಿ ಸಿದ್ದವ್ವನೇ ಬಂದು ಪಕ್ಕದಲ್ಲಿ ಕೂತಳು, ಅವಳ ಹಿಂದೆಯೇ ಬೋರಣ್ಣನೂ ಮರಿಸ್ವಾಮಯ್ಯನೂ ಬಂದು ಕೂತರು.

"ನೀನ್ಯಾಕೆ ಇಲ್ಲಿ ಮಗಾ? ಕೆಲ್ಸ ಇಲ್ವಾ?"

"ಈ ವರ್ಷ ಎಲ್ಲಾ ಕೆಲ್ಸನೂ ರಾಜ್ರೇ ಮಾಡ್ತಾರಂತೆ ಕಣವ್ವ."

"ಅಯ್ಯೋ ಪಾಪ! ಅವರಿಗೆ ದಾರ ಪೋಣಿಸೋಕೆ ಬರ್ತದಾ?"

ತೆರೆಯ ಹಿಂದೆ ಜಂಬರಾಯ ಕೈ ಅಗಲಿಸಿ ನಿಂತ, ಉಡಿಸುತ್ತಾರೆ ಅಂತ. ಯಾರೂ ಬರಲಿಲ್ಲ. ಮಂತ್ರಿ ಅಂಗಿಗೆ ಕೈ ಹಾಕಲು ಹೋದ. ಗಾಣದವನು ತಡೆದ. "ಮುಟ್ಟಂಗಿಲ್ಲ ಸ್ವಾಮಿ. ಉಡುಪು ರಾಜ್ರುದು."

"ಆ ಮೂವರನ್ನೂ ಸೆರೆಮನೆಗೆ ಹಾಕು!" ಅಂತ ಜಂಬರಾಯ ಹಲ್ಲು ಕಡಿದ.

ಮಂತ್ರಿ ಕಿವಿ ಕೆರೆದುಕೊಂಡ. "ಹಾಕಬಹುದು ಪ್ರಭು. ಅಪರಾಧ ಏನು ಅಂತ ಬರೆಯಲಿ? ರಾಜರ ಮಾತು ನಂಬಿದರು ಅಂತಲೇ?"

ಬೇರೆ ದಾರಿ ಇರಲಿಲ್ಲ. ಜಂಬರಾಯ ತಾನೇ ಉಟ್ಟುಕೊಂಡ. ಹುಟ್ಟಿದಾಗಿನಿಂದ ಪಂಚೆಯನ್ನು ತಾನೇ ಕಟ್ಟಿಕೊಂಡವನಲ್ಲ. ಅಂಗಿ ಹಿಂದುಮುಂದಾಯಿತು, ಪಂಚೆಯನ್ನು ಎಡಗೈಯಲ್ಲಿ ಹಿಡಿದುಕೊಂಡೇ ಇರಬೇಕಾಯಿತು. ಬಲಗೈಯಲ್ಲಿ ತೆರೆಯ ಹಗ್ಗ ಎಳೆದ. ಬೋರಣ್ಣನಾಗಿದ್ದರೆ ಹಗ್ಗವನ್ನು ಮೊದಲು ಸಡಿಲಬಿಟ್ಟು ಆಮೇಲೆ ಎಳೆಯುತ್ತಿದ್ದ. ಜಂಬರಾಯ ಜಗ್ಗಿದ. ತೆರೆ ಮೊಣಕಾಲಿನವರೆಗೆ ಎದ್ದು ಸಿಕ್ಕಿಹಾಕಿಕೊಂಡಿತು. ಅದರಡಿಯಲ್ಲಿ ನುಸುಳಿಕೊಂಡು ರಾಜ ಮುಂದೆ ಬಂದ.

ಅವನು ಹೇಳಬೇಕಾಗಿದ್ದ ಮೊದಲ ಮಾತು ಹೀಗಿತ್ತು: "ನನಗೆ ಯಾರ ಹಂಗೂ ಇಲ್ಲ, ಯಾರ ನೆರವೂ ಬೇಕಿಲ್ಲ!"

"ನನಗೆ ಯಾರ..." ಅಂದ. ಮರೆತ. ಎಡಗಡೆ ನೋಡಿದ. ಅಲ್ಲಿ ಪುಸ್ತಕ ಇತ್ತು, ಪುಸ್ತಕ ಹಿಡಿಯುವವನಿರಲಿಲ್ಲ. ತೆರೆಯಡಿ ನುಸುಳಿ ಹೋಗಿ ಓದಿಕೊಂಡು, ಮತ್ತೆ ನುಸುಳಿ ಬಂದ. "ನನಗೆ ಯಾರ ಹಂಗೂ..." ಅಂದ. ಮತ್ತೆ ಮರೆತ, ಮತ್ತೆ ಓಡಿದ. ಮೂರನೇ ಸಲ ಬರುವಾಗ ತೆರೆಗೆ ಕಿರೀಟ ಸಿಕ್ಕಿಕೊಂಡು ಅಲ್ಲೇ ನೇತಾಡಿತು.

ಮಕ್ಕಳು ಬಿದ್ದು ಬಿದ್ದು ನಕ್ಕರು. ಮುಂದಿನ ಸಾಲಿನ ರಾಣಿ, ಅಷ್ಟರಲ್ಲಿ ಬಂದು ಪಕ್ಕದಲ್ಲಿ ನಿಂತಿದ್ದ ಮಂತ್ರಿಯನ್ನು ಕೇಳಿದಳು, "ಹಾಸ್ಯ ನಾಟಕ ಅಂತ ಮೊದಲೇ ಹೇಳಬಾರದಿತ್ತೇ?"

ಆ ನಗುವಿನಲ್ಲಿ ಜಂಬರಾಯನ ಬೆವರು ಇಳಿಯಿತು. ಕೆಲಸ ಒಪ್ಪಿಸದೆ ಗತಿಯಿಲ್ಲ ಅಂತ ಗೊತ್ತಾಯಿತು. ಆದರೆ ಒಪ್ಪಿಸಬೇಕಾದರೆ ಹೆಸರು ಕೂಗಬೇಕಲ್ಲ. ಯಾರ ಹೆಸರು? ಇಷ್ಟು ವರ್ಷ ಆಳಿದವನಿಗೆ ಆ ಮೂವರ ಹೆಸರೇ ಗೊತ್ತಿರಲಿಲ್ಲ.

"ಏ ಹೂವಿನವನೇ, ನಿನ್ನ ಹೆಸರೇನು?" ಅಂತ ಕೇಳಿದ.

"ಮರಿಸ್ವಾಮಯ್ಯ, ಬುದ್ಧಿ."

"ಮಾತು ಎತ್ತಿಕೊಡೋನು ಮರಿಸ್ವಾಮಯ್ಯ!" ಅಂತ ರಾಜ ಕೂಗಿದ. ಮರಿಸ್ವಾಮಯ್ಯ ಎದ್ದು ಹೋಗಿ ಪುಸ್ತಕ ಹಿಡಿದ.

"ಏ ಕುಂಬಾರ, ನಿನ್ನ ಹೆಸರು?"

"ಬೋರಣ್ಣ, ಬುದ್ಧಿ."

"ತೆರೆ ಎಳೆಯೋನು ಬೋರಣ್ಣ!" ಬೋರಣ್ಣ ಹೋಗಿ ಹಗ್ಗ ಸಡಿಲಿಸಿದ. ತೆರೆ ಸರಾಗವಾಗಿ ಮೇಲೆದ್ದಿತು.

"ಸಾಕು. ಉಡುಪು ನಾನೇ ನೋಡಿಕೊಳ್ಳುತ್ತೇನೆ," ಅಂದ ಜಂಬರಾಯ. ಸಿದ್ದವ್ವ ಕೂತೇ ಇದ್ದಳು. ತಾಯಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ರಾಜ ಎದೆಯುಬ್ಬಿಸಿದ, ಎರಡೂ ಕೈ ಮೇಲೆತ್ತಿದ. "ನನಗೆ ಯಾರ ಹಂಗೂ ಇಲ್ಲ!"

ಎರಡೂ ಕೈ ಮೇಲಿದ್ದ ಮೇಲೆ ಪಂಚೆ ಹಿಡಿಯುವವರು ಯಾರು? ಅದು ಕಾಲ ಬುಡದಲ್ಲಿ ಬಿತ್ತು. ರಾಣಿ ಬೀಸಣಿಗೆಯಿಂದ ಮುಖ ಮುಚ್ಚಿಕೊಂಡಳು. ಬೋರಣ್ಣ ಕರುಣೆಯಿಂದ ತೆರೆ ಇಳಿಸಿದ.

ತೆರೆಯನ್ನೇ ಸೊಂಟಕ್ಕೆ ಸುತ್ತಿಕೊಂಡು, ತಲೆಯೊಂದನ್ನು ಹೊರಗೆ ಹಾಕಿ ಜಂಬರಾಯ ಕೇಳಿದ, "ಅಮ್ಮಾ ತಾಯೀ, ನಿನ್ನ ಹೆಸರೇನಮ್ಮ?"

"ಸಿದ್ದವ್ವ, ಬುದ್ಧಿ."

"ಉಡುಪು ಸಿದ್ದವ್ವಂದು," ಅಂತ ಗೊಣಗಿದ.

"ಜೋರಾಗಿ ಕೂಗಿ ಬುದ್ಧಿ. ನಮ್ಮವ್ವ ಹಿಂದಿನ ಸಾಲಲ್ಲಿ ಕೂತವ್ಳೆ."

"ಉಡುಪು ಸಿದ್ದವ್ವಂದು!" ರಾಜನ ಕೂಗು ಬಯಲಿನ ಆಚೆ ಕೆರೆಯವರೆಗೂ ಕೇಳಿಸಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಕೆಂಪಜ್ಜಿ ಕಿವಿ ಮುಂದೆ ಮಾಡಿದಳು. "ತಮಟೆಯವನ ದನಿ ಅಲ್ವಲ್ಲ ಇದು. ಯಾರವ್ವ ಕೂಗಿದ್ದು?"

"ರಾಜ್ರು ಕಣವ್ವ."

"ದನಿ ಚೆನ್ನಾಗೈತೆ. ಇನ್ನೊಂದ್ಸಲ ಕೂಗು ಅನ್ನು."

ಜಂಬರಾಯ ಇನ್ನೊಂದು ಸಲ ಕೂಗಿದ. ಬೇರೆ ಏನು ಮಾಡುತ್ತಾನೆ? ಪಂಚೆ ಇನ್ನೂ ಕಟ್ಟಿರಲಿಲ್ಲ.

ಆಮೇಲೆ ಸಿದ್ದವ್ವ ಉಡಿಸಿದಳು, ಬೋರಣ್ಣ ತೆರೆ ಎತ್ತಿದ, ಮರಿಸ್ವಾಮಯ್ಯ ಮಾತು ಎತ್ತಿಕೊಟ್ಟ, ನಾಟಕ ನಡೆಯಿತು. ರಾಜನ ನಟನೆ ಹೇಗಿತ್ತು ಅಂತ ಕೇಳಬೇಡಿ. ಮುಂದಿನ ವರ್ಷ ಬಡಗಿಯೇ ರಾಜನಾದ. ಹೆಸರು ಕೂಗುವ ಕೆಲಸಕ್ಕೆ ಮಾತ್ರ ಊರಿನವರು ಜಂಬರಾಯನನ್ನೇ ಕರೆಯುತ್ತಿದ್ದರು. ಅವನ ದನಿ ಚೆನ್ನಾಗಿದೆ ಅಂತ ಕೆಂಪಜ್ಜಿ ಹೇಳಿದ್ದಳಲ್ಲ.

ನೀತಿ ಏನು ಅಂತ ಕೇಳುತ್ತೀರಾ? ಇನ್ನೊಬ್ಬರ ದುಡಿಮೆಯ ಹೆಸರನ್ನು ಕಸಿದುಕೊಂಡವನು ಆ ದುಡಿಮೆಯನ್ನೂ ತಾನೇ ಮಾಡಬೇಕಾಗುತ್ತದೆ. ಮರೆಯಲ್ಲಿ ದುಡಿಯುವವರ ಹೆಸರು ಮೊದಲು ತಿಳಿದುಕೊಳ್ಳಿ, ಆಮೇಲೆ ಮುಂದೆ ನಿಂತು ಮೆರೆಯಿರಿ.

ಕಥೆ ಆಯಿತು. ಎಲ್ಲಿಗೆ ಓಡುತ್ತೀರಿ? ನೆಲದ ಮೇಲೆ ಇಷ್ಟು ಸಿಪ್ಪೆ ಬಿದ್ದಿದೆ, ಯಾರದು? ಬಾಗಿಲ ಹಿಂದೆ ಪೊರಕೆ ಇದೆ. ಮೊದಲು ಹೋಗಿ ಅದನ್ನು ಮುಟ್ಟಿದವರ ಹೆಸರನ್ನು ನಾನು ಜೋರಾಗಿ ಕೂಗುತ್ತೇನೆ.