ಹಸಿದ ಕೌದಿಯ ಕಥೆ

ದೀಪ ಹಚ್ಚಿ ಆತು, ಇನ್ನ ಮಾತು ಸಾಕು. ಎಲ್ಲಾರೂ ಬಲಗೈಯಾಗ ನಾಕು ಕಾಳು ಜೋಳ ಹಿಡಕೊಂಡು ಕೂಡ್ರಿ. ನಿಂಗವ್ವ, ಚೂರು ಆಚೀಕ ಸರಿ, ದೀಪಕ್ಕ ಅಡ್ಡ ಕುಂತೀ. ಸೂಜಿ ತಂದವರು ಜೋಳದ ರಾಶಿಯೊಳಗ ನಿಂದರಿಸ್ರಿ, ಸೂಜಿ ಇಲ್ಲದವರು ನಿಮ್ಮ ಕೈಕೆಲಸದ್ದು ಏನೈತೋ ಅದನ್ನ ಇಡ್ರಿ. ಬ್ಯಾಂಕಿಗೆ ಹೋಗೋ ನನ್ನ ಸೊಸಿ ತನ್ನ ಪೆನ್ನು ಇಟ್ಟಾಳ. ನಗಬ್ಯಾಡ್ರಿ, ಅದೂ ನಡೀತೈತಿ. ಮೊರದಾಗಿನ ರೊಟ್ಟಿ ಎಣಿಸಿ ಯಾರೋ ಗುಸುಗುಸು ಅಂದ್ರಿ, ಒಂಬತ್ತು ಮಂದಿಗೆ ಹತ್ತು ರೊಟ್ಟಿ ಯಾಕಂತ. ಕಡೀಕ ಹೇಳತೀನಿ. ಈಗ ಕಿವಿ ಇತ್ತ ಕೊಡ್ರಿ.

ಗುರುವಿಗೆ ಶರಣು, ಗಣಪತಿಗೆ ಶರಣು, ತುತ್ತಿನ ಗೌರವ್ವಗೆ ಶರಣು. ಮಲಪ್ರಭೆಯ ದಂಡೆಯ ಮೇಲೆ ಒಂದು ಊರು, ಆ ಊರಿನ ಕೊನೆಯ ಓಣಿಯಲ್ಲಿ ತಂಗೆವ್ವನೆಂಬ ಮುದುಕಿಯೂ ಅವಳ ಸೊಸೆ ಸಾವಂತ್ರೆವ್ವಳೂ ಇದ್ದರು. ತಂಗೆವ್ವನ ಮಗ ಸಣ್ಣ ವಯಸ್ಸಿನಲ್ಲೇ ತೀರಿಕೊಂಡಿರಲು, ಮಕ್ಕಳಿಲ್ಲದೆ, ಹೊಲವಿಲ್ಲದೆ, ಊರವರ ಹಳೆಯ ಸೀರೆ ಧೋತರ ತಂದು ಕೌದಿ ಹೊಲಿದುಕೊಟ್ಟು ಅತ್ತೆ ಸೊಸೆ ಹೊಟ್ಟೆ ಹೊರೆಯುತ್ತಿದ್ದರು. ಅತ್ತೆಗೆ ಸೊಸೆ, ಸೊಸೆಗೆ ಅತ್ತೆ, ಮೂರನೆಯವರಿರಲಿಲ್ಲ.

ಆ ತಂಗೆವ್ವ ತುತ್ತಿನ ಗೌರವ್ವನ ವ್ರತ ಹಿಡಿದವಳು. ಆ ವ್ರತದ ರೀತಿ ಹೀಗೆ. ಮಾರ್ಗಶಿರ ಮಾಸದ ಮೊದಲ ಮಂಗಳವಾರ ಹೊಲಿಯುವ ಹೆಣ್ಣುಮಕ್ಕಳೆಲ್ಲ ಕೂಡಿ, ಪೂಜೆ ಮುಗಿಯುವ ತನಕ ಸೂಜಿಗೆ ಬಿಡುವು ಕೊಟ್ಟು, ಜೋಳದ ರಾಶಿಯಲ್ಲಿ ನಿಲ್ಲಿಸಿ, ದೀಪ ಹಚ್ಚಿ, ತಲೆಗೊಂದರಂತೆ ರೊಟ್ಟಿ ಬಡಿದು ತಮ್ಮ ತಮ್ಮ ಪಾಲು ತಿನ್ನಬೇಕು. ವರ್ಷವೆಲ್ಲ ಯಾವ ಕೌದಿ ಮುಗಿದರೂ ಒಂದು ಮೂಲೆಯಲ್ಲಿ ನಾಲ್ಕು ಬೆರಳಗಲ ಬಾಯಿ ಬಿಟ್ಟು, ಕೌದಿಯವರನ್ನು ಕರೆದು ಕೂರಿಸಿ, "ಇದನ್ನ ಯಾರು ಹೊಚ್ಚಿಕೊಳ್ಳೋರು, ಹೆಸರು ಹೇಳ್ರಿ" ಎಂದು ಕೇಳಬೇಕು. ಅವರು ಹೆಸರು ಹೇಳಿ ಒಂದು ಚೂರು ಒಣ ರೊಟ್ಟಿಯನ್ನು ಕೈಯಾರೆ ಆ ಬಾಯೊಳಗೆ ಇಡಬೇಕು. ಆಮೇಲೆ ಹೊಲಿದವಳು ಬಾಯಿ ಮುಚ್ಚಿ ಗಂಟು ಹಾಕಬೇಕು. ಹಾಗೆ ಮಾಡಿದರೆ ಕೌದಿಯ ಹೊಟ್ಟೆ ತುಂಬಿತು. ಮಾಡದಿದ್ದರೆ ಅದು ಹಸಿದೇ ಇರುವುದು, ಹಸಿದ ಕೌದಿ ಹೊಲಿದವಳ ಮೈಯ ಬಿಸುಪನ್ನೇ ತಿನ್ನುವುದು. ಇರುವಿ ಮುತ್ತತಾವಲ್ಲ ಅಂತ ನೀವು ಕೇಳತೀರಿ, ನನಗ ಗೊತ್ತೈತಿ. ಮುತ್ತಲಿ, ಇರುವೀ ಹೊಟ್ಟೀನೂ ತುಂಬಲಿ.

ಹೀಗಿರಲು ತಂಗೆವ್ವ ಕಾಲವಾದಳು. ಸಾವಂತ್ರೆವ್ವ ಒಬ್ಬಳೇ ಉಳಿದಳು. ಅವಳ ಕೈಯೋ, ಏನು ಹೇಳಲಿ, ಹೊಲಿಗೆ ಇರುವೆಯ ಸಾಲಿನಂತೆ ಒಂದೇ ಸಮ ಹೋಗುತ್ತಿತ್ತು. ಆದರೆ ಬಟ್ಟೆ ತಂದವರು ಬಟ್ಟೆ ಕೊಟ್ಟು ಸುಮ್ಮನೆ ಹೋಗುವರೇ? ಇದು ನಮ್ಮಪ್ಪನ ಧೋತರ, ನಟ್ಟ ನಡುವೆ ಹಾಕವ್ವಾ. ಇದು ನನ್ನ ಮದುವೆಯ ಇಳಕಲ್ ಸೀರೆ, ಸೆರಗು ಕಾಣುವಂಗ ಇಡವ್ವಾ ಎಂದು ಹೊಸ್ತಿಲಲ್ಲಿ ಕೂತು ಹೇಳುವರು. ಸಾವಂತ್ರೆವ್ವನಿಗೆ ಬೇಸರ ಬಂತು. ಈ ಚಿಂದಿಗಾಗಿಯೇ ನನ್ನ ಕೈ ಹುಟ್ಟಿತೇ, ಇನ್ನೂ ದೊಡ್ಡದೇನೋ ಇರಬೇಕು ಎಂದು ಒಳಗೊಳಗೇ ಕುದಿಯತೊಡಗಿದಳು. ಹಂಗ ಅನ್ನಿಸೋದು ತಪ್ಪಲ್ಲ ಬಿಡ್ರಿ, ಕೈ ಚಲೋ ಇದ್ದಾಕಿಗೆ ಅನ್ನಿಸೇ ಅನ್ನಸತೈತಿ. ಆಕೀ ತಪ್ಪು ಮುಂದ ಐತಿ.

ಒಂದು ದಿನ ರತ್ನಾಪುರದ ಮಹಾರಾಣಿ ಆ ದಾರಿಯಲ್ಲಿ ಹೋಗುತ್ತಿರಲು, ಬೇಲಿಯ ಮೇಲೆ ಒಣಗಹಾಕಿದ್ದ ಕೌದಿಯನ್ನು ಕಂಡು, ಇಂಥ ಕೈ ಅರಮನೆಯಲ್ಲಿರಬೇಕೆಂದು ಮೇಣೆ ಕಳಿಸಿದಳು. ಅರಮನೆಯ ಹೊಲಿಗೆಯವ್ವ ಎಂಬ ಬಿರುದು, ಬೆಳ್ಳಿಯ ಸೂಜಿ, ಇರಲು ಮಾಳಿಗೆ ಮನೆ, ಹೊಲಿಯಲು ಹೊಚ್ಚ ಹೊಸ ರೇಷ್ಮೆ. ಮೇಣೆ ಬಂದ ದಿನ ಯಾವುದು? ಮಾರ್ಗಶಿರದ ಮೊದಲ ಮಂಗಳವಾರ. ಹೊರುವವರು ಬೇವಿನ ನೆರಳಲ್ಲಿ ಎಲೆಯಡಿಕೆ ಹಾಕುತ್ತ, ಅವಸರವಿಲ್ಲ ತಾಯಿ, ಬಿಸಿಲು ಇಳಿದ ಮೇಲೆ ಹೋಗೋಣ ಎಂದರು. ಅವಸರ ಇದ್ದದ್ದು ಇವಳಿಗೇ.

ಅದೇ ಹೊತ್ತಿಗೆ ಊರಾಚೆಯ ಕುರಿಹಟ್ಟಿಯಿಂದ ಹುಚ್ಚವ್ವನೆಂಬ ತುಂಬು ಬಸುರಿ ಏದುಸಿರು ಬಿಡುತ್ತ ಬಂದಳು. ಹುಟ್ಟುವ ಕೂಸಿಗೆಂದು ಐದು ಹಳೆಯ ಬಟ್ಟೆ ಕೊಟ್ಟು ಹೊಲಿಯಲು ಹೇಳಿದ್ದಳು. ಕೌದಿ ಮುಗಿದಿತ್ತು, ಬಾಯಿಯೊಂದು ತೆರೆದಿತ್ತು.

"ಯವ್ವಾ, ಇದರ ಬಾಯಿ ಒಂದು ಮುಚ್ಚಿ ಹೋಗ, ನಿನ್ನ ಕಾಲಿಗೆ ಬೀಳತೀನಿ" ಎಂದಳು.

"ಬಾಯಿ ಮುಚ್ಚಾಕ ನಾನ ಬೇಕೇನ? ನೀನ ಹೊಲಕೋ" ಎಂದು ಸಾವಂತ್ರೆವ್ವ, ಅತ್ತೆಯ ಕಾಲದ ಹಳೆಯ ಸೂಜಿಯನ್ನು ಆ ಕೌದಿಗೇ ಚುಚ್ಚಿ ಅವಳ ಕೈಗೆ ತುರುಕಿ, ಮೇಣೆ ಹತ್ತಿದಳು. ವ್ರತದ ಮನೆಯ ಹೆಣ್ಣುಮಕ್ಕಳು ಹೊರಗೆ ಬಂದು, ಸಾವಂತ್ರೀ, ನಿನ್ನ ಪಾಲಿನ ರೊಟ್ಟಿ ತಿಂದು ಹೋಗ ಎಂದು ಕೂಗಿದರು. ಇವಳು ತಿರುಗಿ ನೋಡಲಿಲ್ಲ.

ಅರಮನೆಯಲ್ಲಿ ಅವಳು ಹೊಲಿದದ್ದನ್ನು ಏನೆಂದು ಹೇಳಲಿ! ನವಿಲು, ಕಮಲ, ಆನೆಯ ಸಾಲು. ಹೆಸರು ಕೇಳುವ ಕಾಟವಿಲ್ಲ, ರೊಟ್ಟಿಯ ಗೊಡವೆಯಿಲ್ಲ, ಬಾಯಿ ಬಿಡದೆ ನಾಲ್ಕೂ ಅಂಚು ಒಂದೇ ಉಸಿರಿಗೆ ಮುಚ್ಚುವಳು. ಮುಗಿದ ಕೌದಿಯನ್ನು ದಾಸಿಯರು ಎತ್ತಿಕೊಂಡು ಹೋಗುವರು. ಎಲ್ಲಿಗೆ ಎಂದು ಕೇಳಲು ಅವಳಿಗೆ ಮೂರು ವರ್ಷ ಬೇಕಾಯಿತು. ಗಂಧದ ಪೆಟ್ಟಿಗೆಗೆ ಎಂದರು. ವರ್ಷಕ್ಕೊಮ್ಮೆ ಮಹಾರಾಣಿ ಪೆಟ್ಟಿಗೆ ತೆಗೆಸಿ, ನೋಡಿ, ಚೆನ್ನಾಗಿದೆ ಎಂದು ಮುಚ್ಚಿಸುವಳು. ಹೊಚ್ಚಿಕೊಂಡವರು ಒಬ್ಬರೂ ಇಲ್ಲ.

ಹೀಗೆ ಹನ್ನೆರಡು ವರ್ಷದಲ್ಲಿ ನೂರಾ ಎಂಟು ಕೌದಿ ಆದವು. ಮೊದಲು ಚಳಿ ಹತ್ತಿದ್ದು ಬೆರಳ ತುದಿಗೆ. ಆಮೇಲೆ ಮೊಣಕೈಗೆ, ಆಮೇಲೆ ಎದೆಗೆ. ಎರಡು ಕಂಬಳಿ ಹೊದ್ದಳು, ಮೂರು ಹೊದ್ದಳು, ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಕೂತಳು, ಗಡಗಡ ನಡುಗುವುದು ಬಿಡಲಿಲ್ಲ. ಹೊಟ್ಟೆ ತುಂಬ ಊಟವಿತ್ತು, ಉಂಡೆಯಾ ಎಂದು ಕೇಳುವವರಿರಲಿಲ್ಲ. ಬಿರುದು ಹಿಡಿದು ಕರೆಯುವವರಿದ್ದರು, ಸಾವಂತ್ರೀ ಎನ್ನುವವರಿರಲಿಲ್ಲ. ಕೆಲಸ ಮುಗಿದ ಸಂಜೆ ಅವಳು ತನ್ನ ಹೆಸರನ್ನು ತಾನೇ ಒಂದು ಸಲ ಹೇಳಿಕೊಂಡು, ಗೋಡೆಗೆ ಮುಖ ಮಾಡಿ ಅತ್ತಳಂತೆ. ಇಂಥಾ ಒಂಟಿತನ ವೈರಿಗೂ ಬ್ಯಾಡವ್ವಾ. ಸೊಸೀ, ಯಾಕ ತಲಿ ಕೆಳಗ ಹಾಕಿದಿ? ಇರಲಿ, ಕೇಳು.

ಕೈ ನಡುಗಿ ಹೊಲಿಗೆ ಸೊಟ್ಟವಾಗಲು, ಒಂದು ಶಾಲು ಹೊದಿಸಿ ಬೆಳ್ಳಿ ಸೂಜಿ ವಾಪಸು ಇಸಿದುಕೊಂಡು ಊರಿಗೆ ಕಳಿಸಿಬಿಟ್ಟರು. ಊರಲ್ಲಿ ಅವಳ ಮನೆಯ ಮಾಡು ಅರ್ಧ ಕುಸಿದಿತ್ತು. ಕೌದಿ ಹೊಲಿಯುವವರು ಬೇರೆಯವರಾಗಿದ್ದರು. ಹೊಸ್ತಿಲಲ್ಲಿ ಕೂತರೆ ದಾರಿಯಲ್ಲಿ ಹೋಗುವವರು ಯಾರೋ ಪರಸ್ಥಳದವಳೆಂದು ದಾಟಿ ಹೋಗುವರು. ಅಂದು ಬಟ್ಟೆ ತಂದವರ ಪುರಾಣ ಬೇಡವೆಂದು ಬೇಸರಪಟ್ಟ ಹೊಸ್ತಿಲು ಅದೇ. ಈಗ ಒಬ್ಬರಾದರೂ ಬಂದು ಕೂತು ಎರಡು ಮಾತು ಆಡಿದರೆ ಸಾಕೆಂದು ಕಾಯುವಳು. ಮಾಡಿದ್ದುಣ್ಣೋ ಮಾರಾಯ ಅಂತಾರಲ್ಲ, ಹಂಗ.

ಮತ್ತೆ ಮಾರ್ಗಶಿರದ ಮೊದಲ ಮಂಗಳವಾರ ಬಂತು. ಪಕ್ಕದ ಓಣಿಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳುತ್ತಿರಲು, ಹೋಗಲು ಮೋರೆಯಿಲ್ಲದೆ ಇವಳು ಮೂಲೆಯಲ್ಲಿ ಮುದುಡಿ ಕೂತಳು. ಆಗ ಹಣ್ಣು ಹಣ್ಣು ಮುದುಕಿಯೊಬ್ಬಳು ಹರಕು ಕೌದಿ ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದು, ಇದಕ್ಕೊಂದು ತೇಪೆ ಹಾಕಿಕೊಡು ಎಂದು ಕೇಳಿದಳು. ಸಾವಂತ್ರೆವ್ವ ತನ್ನ ನಡುಗುವ ಕೈಯನ್ನು ತೋರಿಸಿ ಇದ್ದದ್ದನ್ನೆಲ್ಲ ಹೇಳಿಕೊಂಡಳು. ಮುದುಕಿ ಕೇಳಿ, "ನೂರಾ ಎಂಟು ಹಸಿದ ಹೊಟ್ಟಿ ನಿನ್ನ ತಿನ್ನಾಕ ಹತ್ಯಾವ. ನಿನ್ನ ಕೈಯಾಗಿನ ಹೊಟ್ಟಿ ತುಂಬಿದ ಕೌದಿ ಎಲ್ಲಿಯಾದರೂ ಒಂದು ಉಳಿದಿದ್ದರ ಅದನ್ನ ಕೇಳಿ ಹೊಚ್ಚಿಕೋ. ಈ ಚಳಿಗಾಲ ಕಳಿಯೋದ್ರಾಗ ಸಿಗಲಿಲ್ಲಂದ್ರ ನೀನೂ ಉಳಿಯೂದಿಲ್ಲ" ಎಂದು ಹೇಳಿ ಹೊರಟುಹೋದಳು. ಆ ಮುದುಕಿ ಯಾರಂತ ನಾ ಬಾಯಿಬಿಟ್ಟು ಹೇಳಬೇಕೇನು? ಗೌರವ್ವಗ ಕೈ ಮುಗೀರಿ.

ಸಾವಂತ್ರೆವ್ವ ಎದ್ದಳು. ಮನೆ ಮನೆಗೆ ಹೋಗಿ, ನಾನು ಹೊಲಿದ ಕೌದಿ ಇದೆಯೇ ಎಂದು ಕೇಳಿದಳು. ಒಂದು ಮನೆಯವರು, ನಮ್ಮಪ್ಪ ಅದನ್ನೇ ಹೊಚ್ಚಿಕೊಂಡು ಜೀವ ಬಿಟ್ಟ, ಅವನ ಸಂಗಡವೇ ಕಳಿಸಿದೆವು ಎಂದರು. ಇನ್ನೊಂದು ಮನೆಯವರು, ಮೂರು ಕೂಸು ಅದರಾಗ ಬೆಳೆದವು, ಚಿಂದಿಯಾಗಿ ಕೊನೆಗೆ ದೀಪ ಒರೆಸುವ ಅರಿವೆಯಾಯಿತು ಎಂದರು. ಮತ್ತೊಬ್ಬಳು, ನನ್ನ ಮದುವೆ ಸೀರೆಯ ಸೆರಗನ್ನು ನೀನು ಮೇಲೆ ಇಟ್ಟಿದ್ದಿ, ಜ್ವರ ಬಂದಾಗೆಲ್ಲ ಅದನ್ನು ಸವರುತ್ತಿದ್ದೆ ಎಂದು ಕಣ್ಣೊರೆಸಿಕೊಂಡಳು. ತಾನು ಹೊಲಿದದ್ದು ಎಲ್ಲಿಗೆ ಹೋಯಿತು, ಏನು ಮಾಡಿತು ಎಂಬುದನ್ನು ಸಾವಂತ್ರೆವ್ವ ಕೇಳಿದ್ದು ಅದೇ ಮೊದಲು. ಪ್ರತಿ ಮನೆಯಲ್ಲೂ ಸಂತೋಷವಾಯಿತು, ಪ್ರತಿ ಮನೆಯಿಂದಲೂ ಬರಿಗೈಯಲ್ಲಿ ಹೊರಬಂದಳು. ಒಂದೂ ಉಳಿದಿರಲಿಲ್ಲ.

ಊರು ಮುಗಿಯಿತು. ಉಳಿದದ್ದು ಕುರಿಹಟ್ಟಿಯ ಗುಡಿಸಲೊಂದೇ. ಅಲ್ಲಿಗೆ ಯಾವ ಮುಖ ಹೊತ್ತು ಹೋಗುವುದು? ಬಾಯಿ ತೆರೆದೇ ಬಿಟ್ಟು ಬಂದ ಕೌದಿಯ ಹೊಟ್ಟೆಯಲ್ಲಿ ಏನಿದ್ದೀತು? ಆದರೂ ಕಾಲು ಎಳೆಯುತ್ತ ಹೋಗಿ ಅಂಗಳದಲ್ಲಿ ನಿಂತಳು. ಹುಚ್ಚವ್ವ ಹೊರಗೆ ಬಂದು ಒಂದು ಗಳಿಗೆ ನೋಡಿ, "ಅಯ್ಯ, ಸಾವಂತ್ರೆವ್ವ! ಎಷ್ಟು ತಡಾ ಮಾಡಿದಿ" ಎಂದು ಕೈಹಿಡಿದು ಒಳಗೆ ಕರೆದಳು. ಒಳಗೆ ಹಗ್ಗದ ಮೇಲೆ ಮಡಚಿಟ್ಟ ಕೌದಿ ಇತ್ತು. ಐದು ಬಟ್ಟೆಯ ಬಣ್ಣ ಮಾಸಿತ್ತು, ಮೂಲೆಯ ಬಾಯಿ ಮುಚ್ಚಿತ್ತು.

"ಇದರ ಬಾಯೊಳಗ ಏನಿಟ್ಟಿದಿ?" ಎಂದು ಸಾವಂತ್ರೆವ್ವ ಹೆದರುತ್ತ ಕೇಳಲು, ಹುಚ್ಚವ್ವ ಹೇಳಿದಳು:

"ನೀ ಹೋದ ಮ್ಯಾಲೆ ಮೊರದಾಗ ನಿನ್ನ ಪಾಲಿನ ರೊಟ್ಟಿ ಉಳೀತು. ವ್ರತದ ರೊಟ್ಟಿ, ಚೆಲ್ಲಾಕ ಬರೂದಿಲ್ಲ, ಮತ್ತೊಬ್ಬರು ತಿನ್ನಾಕ ಬರೂದಿಲ್ಲ. ನನ್ನ ಕೂಸು ಇನ್ನೂ ಹುಟ್ಟಿರಲಿಲ್ಲ, ಹೇಳಾಕ ಹೆಸರಿರಲಿಲ್ಲ. ಅದಕ್ಕ ನಿನ್ನ ಪಾಲನ್ನ ಇದರೊಳಗಿಟ್ಟು, ನಿನ್ನ ಹೆಸರು ಹೇಳಿ, ನಿನ್ನ ಸೂಜೀಲೇ ಹೊಲಿದೆ. ನೋಡು, ಎಷ್ಟು ಸೊಟ್ಟ ಹೊಲಿದೀನಿ. ನನ್ನ ಮಗಳು ದಿನಾ ಹಾಸಿಗಿ ಹಾಸೋವಾಗ ಸಾವಂತ್ರೆವ್ವನ ಕೌದಿ ಕೊಡು ಅಂತನ ಕೇಳತಾಳ."

ಅರಮನೆಯಲ್ಲಿ ಗೋಡೆಗೆ ಮುಖ ಮಾಡಿ ತನ್ನ ಹೆಸರನ್ನು ತಾನೇ ಹೇಳಿಕೊಂಡವಳು ಇವಳು. ಆ ಹನ್ನೆರಡು ವರ್ಷವೂ ಈ ಗುಡಿಸಲಿನಲ್ಲಿ ಸಂಜೆಗೊಮ್ಮೆ ಅವಳ ಹೆಸರು ಹೇಳುವವರಿದ್ದರು, ಅವಳಿಗೇ ಗೊತ್ತಿರಲಿಲ್ಲ. ಸಾವಂತ್ರೆವ್ವ ನೆಲಕ್ಕೆ ಕುಸಿದು ಬಾಯಿಬಿಟ್ಟು ಅತ್ತಳು. ಆಮೇಲೆ, ಇದನ್ನು ಒಂದು ಸಲ ಹೊಚ್ಚಿಕೊಳ್ಳಲೇ ಎಂದು ಕೇಳಿದಳು. ಹುಚ್ಚವ್ವ ತಾನೇ ಹೊದಿಸಿದಳು. ಪಾದದಿಂದ ಬಿಸುಪು ಹತ್ತಿತು, ಎದೆಗೆ ಬಂತು, ಬೆರಳ ತುದಿಗೂ ಬಂತು. ಹಟ್ಟಿಯಲ್ಲಿ ಕುರಿಮರಿ ಒದರುತ್ತಿರಲು, ಹಾಡುಹಗಲೇ ಆ ಹೆಣ್ಣುಮಗಳು ಕೂಸಿನಂತೆ ನಿದ್ದೆ ಹೋದಳು. ಎದ್ದ ಮೇಲೆ ಮೂಲೆಯ ಸೊಟ್ಟ ಹೊಲಿಗೆಯನ್ನು ಸವರಿದಳು. ಬಿಚ್ಚಿ ನೆಟ್ಟಗೆ ಹೊಲಿದು ಕೊಡಲೇ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು, ಹಾಗೇ ಬಿಟ್ಟಳು. ಹುಚ್ಚವ್ವ ಅತ್ತೆಯ ಸೂಜಿಯನ್ನು ಅವಳ ಕೈಗೆ ತಿರುಗಿ ಕೊಟ್ಟಳು. ಕೈ ನಡುಗಲಿಲ್ಲ.

ಆಮೇಲೆ ಸಾವಂತ್ರೆವ್ವ ಒಣ ರೊಟ್ಟಿಯ ಬುಟ್ಟಿ ಹೊತ್ತು ಅರಮನೆಗೆ ನಡೆದು, ಪೆಟ್ಟಿಗೆ ತೆಗೆಸಿರಿ, ಕೌದಿಗಳಿಗೆ ಹಸಿವಾಗಿದೆ ಎಂದಳು. ಮಹಾರಾಣಿ ಮೊದಲು ಸಿಟ್ಟಾದಳು. ಇವಳು ಜಗ್ಗದೆ ಒಂದು ಕೌದಿಯ ಮೂಲೆ ಬಿಚ್ಚಿ ಎದುರಿಗೆ ಹಿಡಿದು, "ಇದನ್ನ ಯಾರು ಹೊಚ್ಚಿಕೊಳ್ಳೋರು, ಹೆಸರು ಹೇಳ್ರಿ" ಎಂದು ಕೇಳಲು, ಮಹಾರಾಣಿ ಆ ಮೂಲೆಯನ್ನು ಕೈಯಲ್ಲಿ ಹಿಡಿದಳು. ತವರು ಬಿಟ್ಟಂದಿನಿಂದ ಅವಳನ್ನು ಯಾರೂ ಹೆಸರು ಕೇಳಿರಲಿಲ್ಲ. ಕೊನೆಗೆ ಸಣ್ಣ ದನಿಯಲ್ಲಿ, "ಪುಟ್ಟಕ್ಕ" ಎಂದು ಹೇಳಿ, ತುತ್ತು ಇಟ್ಟಳು. ಉಳಿದ ನೂರಾ ಏಳು ಕೌದಿಗಳು ಕಸ ಗುಡಿಸುವವರಿಗೆ, ಬಾಗಿಲು ಕಾಯುವವರಿಗೆ, ಲಾಯದವರಿಗೆ, ಒಬ್ಬೊಬ್ಬರ ಹೆಸರು ಹೇಳಿ ಹೋದವು. ಇರು ಎಂದರೂ ಇರದೆ ಸಾವಂತ್ರೆವ್ವ ಊರಿಗೆ ಬಂದು, ಮಾಡು ಕಟ್ಟಿಸಿ, ಅತ್ತೆಯ ಸೂಜಿ ಹಿಡಿದು ಕೂತಳು. ಚಿಂದಿಯಲ್ಲೇ ನವಿಲು ಹೊಲಿದಳು, ಕಮಲ ಹೊಲಿದಳು. ಅವಳ ಹೊಸ್ತಿಲು ಬಟ್ಟೆಯ ಗಂಟು ಹಿಡಿದು ಬಂದವರಿಲ್ಲದೆ ಒಂದು ದಿನವೂ ಬರಿದಾಗಲಿಲ್ಲ. ಒಬ್ಬಳೇ ಇದ್ದಳು, ಆದರೆ ಚಳಿಯಾಗಲಿಲ್ಲ.

ಅಂದಿನಿಂದ ಈ ವ್ರತದಲ್ಲಿ ಬಂದವರಿಗಿಂತ ಒಂದು ರೊಟ್ಟಿ ಹೆಚ್ಚು ಬಡಿಯುವರು. ಅದು ಬಾರದೆ ಹೋದವಳ ಪಾಲು. ಈ ಕಥೆ ಕೇಳಿದವರ ಕೆಲಸಕ್ಕೆ ಅದು ಮುಟ್ಟುವಲ್ಲಿ ಒಂದು ಹೆಸರು ಸಿಗಲಿ, ಹೇಳಿದವರ ಹೊಸ್ತಿಲಿಗೆ ಮಂದಿ ಬರಲಿ, ಪೆಟ್ಟಿಗೆಯಲ್ಲಿದ್ದದ್ದು ಮೈಮೇಲೆ ಬರಲಿ, ಸಾವಂತ್ರೆವ್ವನಿಗೆ ಹತ್ತಿದ ಬಿಸುಪು ಎಲ್ಲರಿಗೂ ಹತ್ತಲಿ. ಕೈಯಾಗಿನ ಕಾಳು ದೀಪಕ್ಕ ಹಾಕ್ರಿ.

ಹತ್ತನೇ ರೊಟ್ಟಿ ಯಾಕಂತ ಕೇಳಿದ್ರಲ್ಲ. ಅದು ನನ್ನ ತಂಗಿ ನೀಲವ್ವಂದು. ನಾವಿಬ್ಬರೂ ಇದ ಜಗಲಿ ಮ್ಯಾಲ ಕೂತು ಹೊಲೀತಿದ್ವಿ. ನಿನ್ನ ಹೊಲಿಗಿ ನನ್ನ ಹೊಲಿಗೀ ಪಕ್ಕ ನಾಚಿಕೀ ಬರತೈತಿ ಅಂತ ಮಂದಿ ಎದುರಿಗೆ ಅಂದುಬಿಟ್ಟೆ, ಆಕಿ ಎದ್ದು ಹೋಗಿ ಹದಿನಾಕು ವರ್ಷ ಆತು. ತಪ್ಪು ನಂದ. ವರ್ಷಾ ವರ್ಷಾ ಆಕೀ ಪಾಲು ಮೊರದಾಗ ಒಣಗಸತೀನಿ, ಹೋಗಿ ಕರಿಯಾಕ ಕಾಲು ಬರವಲ್ಲವು. ಸೊಸೀ, ನಾ ಹೊಲಿದು ಬಾಯಿ ಬಿಟ್ಟಿಟ್ಟ ಆ ಕೌದಿ ಇತ್ತ ತಾ. ಈ ಸಲ ಆಕೀ ತುತ್ತು ನಾನ ಇಡತೀನಿ, ಹೆಸರೂ ನಾನ ಹೇಳತೀನಿ. ನೀ ಬಾಯಿ ಹೊಲಿ. ನಿನಗ ಹೊಲಿಯಾಕ ಬರೂದಿಲ್ಲ ಅಂತ ನನಗ ಗೊತ್ತೈತಿ, ಸೊಟ್ಟ ಆದರೂ ಆಗಲಿ. ಮುಂಜಾನೆ ಮೊದಲ ಬಸ್ಸಿಗೆ ಇದನ್ನ ಹೆಗಲಿಗೆ ಹಾಕ್ಕೊಂಡು ನಾನು ಹೋಗತೀನಿ.